ಹಾಸಿಗೆ ಉದ್ದವಾದರೆ ಕಾಲೂ ಬೆಳೆಯಬೇಕೇ?

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆಯನ್ನು ಶಾಲೆಯಲ್ಲಿ ವಿಸ್ತರಿಸಿ ಬರೆಯದ ಮಕ್ಕಳು ಕಡಿಮೆ. ಆದಾಯ ನೋಡಿಕೊಂಡು ಖರ್ಚು ಮಾಡು ಎಂಬುದು ಅದರ ತಾತ್ಪರ್ಯ. ಆದರೆ ಹಾಸಿಗೆಯೇ ಉದ್ದವಾದಾಗ ಏನು ಮಾಡಬೇಕೆಂದು ಗಾದೆ ಹೇಳುವುದಿಲ್ಲ. ಕಾಲು ಮೊದಲಿನಷ್ಟೇ ಇದೆಯಲ್ಲ!

ಭಟ್ಕಳದ ಬಳಿಯ ಹೆಬಳೆಯಂತಹ ಕರಾವಳಿಯ ಊರಿನಲ್ಲಿ ಇದು ಕೇವಲ ಪ್ರಬಂಧದ ವಿಷಯವಲ್ಲ. ಇಲ್ಲಿ ಸಂಪಾದನೆಯ ದಾರಿಗಳು ಹಲವು: ಕಡಲು, ಗದ್ದೆ, ಮಲ್ಲಿಗೆ ಗಿಡ, ಕೂಲಿ, ಸರ್ಕಾರಿ ನೌಕರಿ, ಕೊಲ್ಲಿ ದೇಶಗಳಿಂದ ಬರುವ ಹಣ. ಈ ಎಲ್ಲ ಮನೆಗಳ ಮಕ್ಕಳೂ ಒಂದೇ ಬೆಂಚಿನ ಮೇಲೆ ಕೂಡುತ್ತಾರೆ. ಒಬ್ಬನ ಕೈಗೆ ಹೊಸ ಮೊಬೈಲ್ ಬಂದರೆ ಸಂಜೆಯೊಳಗೆ ಇನ್ನೊಂದು ಮನೆಯಲ್ಲಿ ಅದರ ಬೇಡಿಕೆ ಶುರುವಾಗುತ್ತದೆ. ‘ಮಗ ಕೇಳಿದ, ಇಲ್ಲವೆನ್ನಲು ಮನಸ್ಸಾಗಲಿಲ್ಲ’ ಎಂದು ಕಂತಿನ ಸಾಲ ಮಾಡುವ ತಂದೆ-ತಾಯಂದಿರು ಎಲ್ಲ ಊರಿನಲ್ಲೂ ಇದ್ದಾರೆ.

ಸಕ್ಕರೆಯ ಪಾಠ

ವಿಜ್ಞಾನದ ತರಗತಿಯ ಒಂದು ಸರಳ ಪ್ರಯೋಗವನ್ನು ನೆನಪಿಸಿಕೊಳ್ಳೋಣ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 100 ಗ್ರಾಂ ನೀರು ಸುಮಾರು 200 ಗ್ರಾಂ ಸಕ್ಕರೆಯನ್ನು ಕರಗಿಸಿಕೊಳ್ಳುತ್ತದೆ. ಅದಕ್ಕಿಂತ ಹೆಚ್ಚು ಹಾಕಿದರೆ ತಳದಲ್ಲಿ ಉಳಿಯುತ್ತದೆ. ನೀರನ್ನು ಕುದಿಯುವಷ್ಟು ಕಾಯಿಸಿದರೆ ಅಷ್ಟೇ ನೀರು 480 ಗ್ರಾಂಗೂ ಹೆಚ್ಚು ಸಕ್ಕರೆಯನ್ನು ನುಂಗುತ್ತದೆ. ನಮ್ಮ ಖರ್ಚಿನ ಸ್ವಭಾವವೂ ಹೀಗೆಯೇ. ಆದಾಯದ ಬಿಸಿ ಏರಿದಂತೆ ಬಯಕೆಗಳೂ ಕರಗುತ್ತಾ ಹೋಗುತ್ತವೆ, ತಳದಲ್ಲಿ ಏನೂ ಉಳಿಯುವುದಿಲ್ಲ. ಆದರೆ ಒಂದು ವ್ಯತ್ಯಾಸವಿದೆ. ನೀರಿಗೆ ಆಯ್ಕೆಯಿಲ್ಲ, ಮನುಷ್ಯನಿಗಿದೆ.

ಲೆಕ್ಕ ಮಾಡಿ ನೋಡಿ. ತಿಂಗಳಿಗೆ 20,000 ರೂಪಾಯಿ ಬರುವ ಮನೆ 18,000 ರೂಪಾಯಿಯಲ್ಲಿ ನಡೆದರೆ ವರ್ಷಕ್ಕೆ 24,000 ಉಳಿಯುತ್ತದೆ. 60,000 ಬರುವ ಮನೆ 62,000 ಖರ್ಚು ಮಾಡಿದರೆ ವರ್ಷಕ್ಕೆ ಅಷ್ಟೇ ಮೊತ್ತದ ಸಾಲ, ಮೇಲೆ ಬಡ್ಡಿ. ಇವರಲ್ಲಿ ಅನುಕೂಲಸ್ಥರು ಯಾರು?

ನಮ್ಮ ಕರಾವಳಿಗೆ ಈ ಲೆಕ್ಕ ಹೊಸದಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಹಬ್ಬ, ಮದುವೆಗಳ ಕಾಲದಲ್ಲಿ ಏರಿದ ಮಲ್ಲಿಗೆಯ ದರ ಆಮೇಲೆ ಇಳಿಯುತ್ತದೆ. ಅದಕ್ಕೇ ಹಿಂದಿನವರು ಬೇಸಿಗೆಯಲ್ಲೇ ಒಣಮೀನು, ಹಲಸಿನ ಹಪ್ಪಳ, ಉಪ್ಪಿನಕಾಯಿ, ಒಣ ಸೌದೆ ಎಲ್ಲವನ್ನೂ ಮಳೆಗಾಲಕ್ಕೆಂದು ಎತ್ತಿಡುತ್ತಿದ್ದರು. ತುಂಬಿದ ತಿಂಗಳನ್ನು ನೋಡಿ ಅಲ್ಲ, ಬರಿದಾದ ತಿಂಗಳನ್ನು ನೋಡಿ ಸಂಸಾರ ನಡೆಸುವ ಜಾಣತನ ಅದು.

ಮೂವರು ಹಿರಿಯರು

ಸರಳತೆ ಎಂದರೆ ಬಡವರ ಪಾಡು ಎಂದು ತಿಳಿಯುವವರು ಡಾ. ಎಚ್. ನರಸಿಂಹಯ್ಯನವರನ್ನು ನೆನೆಯಬೇಕು. 1920ರಲ್ಲಿ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಅವರು ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು, 1984ರಲ್ಲಿ ಪದ್ಮಭೂಷಣ ಪಡೆದರು. ಆದರೂ ತೊಟ್ಟದ್ದು ಖಾದಿ. ಬದುಕಿನ ಬಹುಭಾಗ ವಾಸವಿದ್ದದ್ದು ಬಸವನಗುಡಿ ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಕೊಠಡಿಯಲ್ಲಿ. ತಮಗಾಗಿ ಕಡಿಮೆ ಬೇಡಿದ್ದರಿಂದಲೇ 2005ರಲ್ಲಿ ತೀರಿಕೊಳ್ಳುವವರೆಗೂ ಶಿಕ್ಷಣಕ್ಕೆ, ವೈಚಾರಿಕತೆಗೆ ಅವರ ಸಮಯ ಮೀಸಲಾಗಿತ್ತು.

ಆದಾಯದ ಇನ್ನೊಂದು ತುದಿಯಲ್ಲಿ ಹರೇಕಳ ಹಾಜಬ್ಬ ಇದ್ದಾರೆ. ಶಾಲೆಯ ಮೆಟ್ಟಿಲು ಹತ್ತದ ಅವರು ಮಂಗಳೂರಿನಲ್ಲಿ ಕಿತ್ತಳೆ ಮಾರುತ್ತಿದ್ದರು. ವಿದೇಶಿಯೊಬ್ಬರು ಇಂಗ್ಲಿಷ್‌ನಲ್ಲಿ ಬೆಲೆ ಕೇಳಿದಾಗ ಅರ್ಥವಾಗದೆ ನೊಂದರು. ತಮ್ಮೂರಿನ ಮಕ್ಕಳಿಗೆ ಆ ಗತಿ ಬಾರದಿರಲೆಂದು ಬುಟ್ಟಿಯ ವ್ಯಾಪಾರದಲ್ಲೇ ಉಳಿಸಿ, ಓಡಾಡಿ, ನ್ಯೂಪಡ್ಪುವಿನಲ್ಲಿ ಶಾಲೆ ಆಗುವಂತೆ ಮಾಡಿದರು.

ನಮ್ಮ ಜಿಲ್ಲೆಯವರೇ ಆದ ಅಂಕೋಲಾ ತಾಲ್ಲೂಕು ಹೊನ್ನಳ್ಳಿಯ ತುಳಸಿ ಗೌಡರು ಅರಣ್ಯ ಇಲಾಖೆಯ ಸಸಿ ತೋಟದಲ್ಲಿ ದಿನಗೂಲಿಯಾಗಿ ದುಡಿದವರು. 2021ರ ನವೆಂಬರ್‌ನಲ್ಲಿ ಪದ್ಮಶ್ರೀ ಸ್ವೀಕರಿಸಲು ಹಾಲಕ್ಕಿಯವರ ಉಡುಗೆಯಲ್ಲಿ, ಬರಿಗಾಲಲ್ಲಿ ರಾಷ್ಟ್ರಪತಿ ಭವನಕ್ಕೆ ಹೋದರು. 2024ರ ಡಿಸೆಂಬರ್‌ನಲ್ಲಿ ಅವರು ಅಗಲಿದರು. ಅವರು ಬೆಳೆಸಿದ ಮರಗಳಿವೆ.

ಎಚ್ಚರವಿರಲಿ

ಹಾಗೆಂದು ಹೊಟ್ಟೆಗಿಲ್ಲದವರಿಗೆ ಸರಳತೆಯನ್ನು ಬೋಧಿಸುವುದು ಕ್ರೂರ ಹಾಸ್ಯ. ಅವರಿಗೆ ಬೇಕಾದದ್ದು ಉಪದೇಶವಲ್ಲ, ದುಡಿಮೆಗೆ ತಕ್ಕ ಕೂಲಿ. ಸರಳತೆ ಆಯ್ಕೆಯಾಗಿರಬೇಕು, ಅನಿವಾರ್ಯವಲ್ಲ. ಅದು ಜಿಪುಣತನವೂ ಅಲ್ಲ. ಮಕ್ಕಳ ಹಾಲು-ಮೊಟ್ಟೆ, ಪುಸ್ತಕ, ಕಣ್ಣಿನ ಪರೀಕ್ಷೆ, ಅಜ್ಜಿಯ ಔಷಧಿಗಳಲ್ಲಿ ಉಳಿಸುವುದು ಸರಳತೆಯಲ್ಲ. ಅವುಗಳಿಗೆ ಕೊರತೆಯಾಗದಂತೆ ಬೇರೆಡೆ ಕೈ ಬಿಗಿಹಿಡಿಯುವುದೇ ಸರಳತೆ.

ಪಾಲಕರು ಮನೆಯ ಜಮಾಖರ್ಚನ್ನು ಮಕ್ಕಳಿಂದ ಮುಚ್ಚಿಡಬೇಕಾಗಿಲ್ಲ. ಎಂಟನೆಯ ತರಗತಿಯ ಹುಡುಗಿಗೆ ಕೂಡಿಸಿ ಕಳೆಯಲು ಬರುತ್ತದೆ. ತಿಂಗಳಿಗೊಮ್ಮೆ ಅವಳ ಕೈಯಲ್ಲೇ ಲೆಕ್ಕ ಬರೆಸಿ. ಅಕ್ಕಿಗೆಷ್ಟು, ಕರೆಂಟಿಗೆಷ್ಟು, ಸಾಲಕ್ಕೆಷ್ಟು ಎಂದು ತಿಳಿದ ಮಗು ಹಟ ಹಿಡಿಯುವ ಮೊದಲು ಯೋಚಿಸುತ್ತದೆ. ಆದರೆ ಅಪ್ಪ ಸಾಲ ಮಾಡಿ ದೊಡ್ಡ ಬೈಕು ತಂದು, ಮಗನಿಗೆ ಮಾತ್ರ ಮಿತವ್ಯಯ ಬೋಧಿಸಿದರೆ ಯಾರೂ ಕೇಳುವುದಿಲ್ಲ.

ವಿದ್ಯಾರ್ಥಿಗಳೇ, ನಾಳೆ ನಿಮ್ಮಲ್ಲಿ ಕೆಲವರು ದೋಣಿ ನಡೆಸುತ್ತೀರಿ, ಕೆಲವರು ದುಬೈಗೋ ಬೆಂಗಳೂರಿಗೋ ಹೋಗುತ್ತೀರಿ. ಮೊದಲ ಸಂಬಳ ಕೈಗೆ ಬರುವ ಮುನ್ನವೇ ನಿಮಗೆ ಎಷ್ಟು ಸಾಕು ಎಂಬುದನ್ನು ಒಂದು ಹಾಳೆಯಲ್ಲಿ ಬರೆದಿಡಿ. ಹಣ ಬಂದ ಮೇಲೆ ಬರೆಯುತ್ತೇನೆಂದರೆ ಆ ಅಂಕಿ ದೊಡ್ಡದಾಗುತ್ತಲೇ ಹೋಗುತ್ತದೆ.