ಗರ್ಭಿಣಿಯ ಸೊಂಟದ ಕೀಲುನೋವು: ಸಹಿಸಲೇಬೇಕೆಂದಿಲ್ಲ

ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದ ನನ್ನ ಮಗಳು ರಾತ್ರಿ ಮಗ್ಗುಲು ಬದಲಿಸಲಾಗದೆ ನರಳುತ್ತಿದ್ದಳು. ಬಟ್ಟೆ ತೊಡಲು ಒಂದು ಕಾಲೆತ್ತಿದರೆ ಸಾಕು, ಹೊಟ್ಟೆಯ ಕೆಳಗೆ ಮುಂಭಾಗದ ಮೂಳೆಯಲ್ಲಿ ಚಳಕು ಹೊಡೆಯುತ್ತಿತ್ತು. 'ಬಸುರಿ ಎಂದ ಮೇಲೆ ನೋವು ಇದ್ದದ್ದೇ' ಎಂದಳು ಅವಳ ತಾಯಿ. ನಾನೂ ಹೂಂಗುಟ್ಟಿದೆ. ಹೀಗೇ ಮೂರು ವಾರ ಕಳೆಯಿತು.

'ಅಪ್ಪಾ, ನೀವು ಮಕ್ಕಳಿಗೆ ಅಸ್ಥಿಪಂಜರದ ಪಾಠ ಮಾಡುತ್ತೀರಲ್ಲ, ನನ್ನ ಮೂಳೆಗೆ ಏನಾಗಿದೆ ಹೇಳಿ' ಎಂದು ಅವಳು ಕೇಳಿದ ದಿನ ನನಗೆ ನಾಚಿಕೆಯಾಯಿತು. ಮರುದಿನವೇ ವೈದ್ಯರ ಬಳಿಗೆ ಕರೆದೊಯ್ದೆವು.

ಕೀಲು ಸಡಿಲವಾದಾಗ

ನಮ್ಮ ಸೊಂಟದ ಮೂಳೆಗಳು ಸೇರಿ ಒಂದು ಬಳೆಯಂತಿವೆ. ಹಿಂದೆ ಬೆನ್ನುಮೂಳೆಯ ಬುಡದಲ್ಲಿ ತ್ರಿಕಾಸ್ಥಿ. ಅದರ ಎರಡು ಬದಿಗೆ ಒಂದೊಂದು ಕೀಲು. ಮುಂದೆ ಎರಡು ಮೂಳೆಗಳು ಮೃದ್ವಸ್ಥಿಯಿಂದ ಕೂಡಿಕೊಂಡಿವೆ. ಈ ಮೂರೂ ಕೀಲುಗಳು ಸಾಮಾನ್ಯವಾಗಿ ಅಲುಗುವುದು ಅತ್ಯಲ್ಪ. ಮುಂದಿನ ಕೀಲಿನ ಸಂದು ಸುಮಾರು 4-5 ಮಿಲಿಮೀಟರ್. ಗರ್ಭಿಣಿಯಲ್ಲಿ ಇನ್ನೂ 2-3 ಮಿಲಿಮೀಟರ್ ಹಿಗ್ಗುತ್ತದೆ. ಮಗು ಹೊರಬರಲು ಪ್ರಕೃತಿ ಮಾಡಿಕೊಂಡ ಸಿದ್ಧತೆ ಇದು.

1926ರಲ್ಲಿ ಫ್ರೆಡರಿಕ್ ಹಿಸಾ ಎಂಬ ಅಮೆರಿಕದ ವಿಜ್ಞಾನಿ ಗಿನಿಯಿಲಿಗಳ ಮೇಲೆ ಪ್ರಯೋಗ ನಡೆಸಿ, ಈ ಕೀಲಿನ ಕಟ್ಟುಗಳನ್ನು ಸಡಿಲಿಸುವ ವಸ್ತುವೊಂದು ಗರ್ಭ ಧರಿಸಿದ ಪ್ರಾಣಿಯ ರಕ್ತದಲ್ಲಿರುವುದನ್ನು ತೋರಿಸಿದರು. ಅದೇ ರಿಲ್ಯಾಕ್ಸಿನ್ ಹಾರ್ಮೋನು. ಆದರೆ ನೋವಿಗೆ ಹಾರ್ಮೋನೊಂದೇ ಕಾರಣವಲ್ಲ. ಬಳೆಯನ್ನು ಬಿಗಿಹಿಡಿಯುವ ಸ್ನಾಯುಗಳ ಶಕ್ತಿ, ಹೆಚ್ಚಿದ ಭಾರ, ಹಿಂದಿನ ಬೆನ್ನುನೋವು ಅಥವಾ ಪೆಟ್ಟು, ಇವೂ ಸೇರುತ್ತವೆ. ಸುಮಾರು ಐವರು ಗರ್ಭಿಣಿಯರಲ್ಲಿ ಒಬ್ಬರಿಗೆ ಈ ನೋವು ಬರುತ್ತದೆ. ಮಗುವಿಗೆ ಇದರಿಂದ ಅಪಾಯವಿಲ್ಲ.

ಸಣ್ಣ ಉಪಾಯಗಳು

ಒಂದೇ ಕಾಲಿನ ಮೇಲೆ ಭಾರ ಬಿದ್ದಾಗ, ಕಾಲುಗಳು ಅಗಲವಾದಾಗ ನೋವು ಹೆಚ್ಚು. ಇದನ್ನು ತಿಳಿದರೆ ಅರ್ಧ ಉಪಾಯ ತಿಳಿದಂತೆ. ಕುಳಿತೇ ಬಟ್ಟೆ ತೊಡಬೇಕು. ಮಲಗುವಾಗ ಮಂಡಿಗಳ ನಡುವೆ ದಿಂಬಿರಲಿ. ಮಗ್ಗುಲಾಗುವಾಗ ಮಂಡಿಗಳೆರಡೂ ಒಟ್ಟಿಗೆ ತಿರುಗಲಿ. ಆಟೋದಿಂದ ಇಳಿಯುವಾಗಲೂ ಹಾಗೆಯೇ. ಮೆಟ್ಟಿಲನ್ನು ಒಂದೊಂದಾಗಿ ಏರಬೇಕು. ಒಂದು ಮಂಡಿ ಮಡಚಿ ಈಳಿಗೆಮಣೆಯ ಮೇಲೆ ಕೂರುವುದು, ಕುಕ್ಕರಗಾಲಲ್ಲಿ ನೆಲ ಒರೆಸುವುದು, ತುಂಬಿದ ಕೊಡ ಹೊರುವುದು ಸದ್ಯಕ್ಕೆ ಬೇಡ.

ಹಾಗೆಂದು ಹಾಸಿಗೆ ಹಿಡಿಯಬಾರದು. ಫಿಸಿಯೋಥೆರಪಿ ತಜ್ಞರು ಕಿಬ್ಬೊಟ್ಟೆ, ಪೃಷ್ಠ ಮತ್ತು ಸೊಂಟದ ತಳಭಾಗದ ಸ್ನಾಯುಗಳಿಗೆ ವ್ಯಾಯಾಮ ಹೇಳಿಕೊಡುತ್ತಾರೆ. ಕೆಲವರಿಗೆ ಸೊಂಟದ ಪಟ್ಟಿಯೂ ನೆರವಾಗುತ್ತದೆ. ನೋವಿನ ಮಾತ್ರೆಯನ್ನು ಅಂಗಡಿಯಿಂದ ತಾವಾಗಿಯೇ ತಂದು ನುಂಗುವುದು ಸಲ್ಲದು.

ಸಹಜ ಹೆರಿಗೆ ಸಾಮಾನ್ಯವಾಗಿ ಸಾಧ್ಯ. ಆದರೆ ಕಾಲುಗಳನ್ನು ಎಷ್ಟು ಅಗಲಿಸಿದರೆ ನೋವಾಗುತ್ತದೆಂದು ವೈದ್ಯರಿಗೂ ದಾದಿಯರಿಗೂ ಮೊದಲೇ ತಿಳಿಸಿರಬೇಕು.

ಬಾಣಂತನದಲ್ಲಿ

ಹೆರಿಗೆಯ ನಂತರ ಹೆಚ್ಚಿನವರಿಗೆ ಕೆಲವು ವಾರ ಅಥವಾ ತಿಂಗಳುಗಳಲ್ಲಿ ನೋವು ಇಳಿಯುತ್ತದೆ. ಕೆಲವರಿಗೆ ಉಳಿದುಬಿಡುತ್ತದೆ, ಅಂಥವರು ವ್ಯಾಯಾಮ ಮುಂದುವರಿಸಿ ಮತ್ತೆ ವೈದ್ಯರನ್ನು ಕಾಣಬೇಕು. ನಮ್ಮಲ್ಲಿ ಬಾಣಂತಿಗೆ ಹೊಟ್ಟೆಗೆ ಬಟ್ಟೆ ಸುತ್ತುವ ರೂಢಿಯಿದೆ. ಅದು ಈ ಕೀಲಿಗೆ ಆಧಾರವಾಗದು. ಪಟ್ಟಿ ಬರಬೇಕಾದ್ದು ಹೊಟ್ಟೆಗಿಂತ ಕೆಳಗೆ, ಸೊಂಟದ ಮೂಳೆಗಳ ಸುತ್ತ. ಮಗುವನ್ನು ಒಂದೇ ಪಕ್ಕದ ಸೊಂಟದ ಮೇಲೆ ಕೂರಿಸಿಕೊಳ್ಳದೆ ಎದೆಗವಚಿ ಎತ್ತಿಕೊಳ್ಳಬೇಕು. ಕಾಲು ಜೋಮು ಹಿಡಿದರೆ, ಮೂತ್ರ ತಡೆಯಲಾಗದಿದ್ದರೆ, ಜ್ವರ ಬಂದರೆ, ಹೆರಿಗೆಯ ನಂತರ ಹೆಜ್ಜೆಯಿಡಲೇ ಆಗದಿದ್ದರೆ ತಡಮಾಡಬಾರದು. ಗರ್ಭಿಣಿಗೆ ರಕ್ತಸ್ರಾವವಾದರೂ ಅಷ್ಟೇ.

ಮಗಳು ಹೆರಿಗೆಯಾಗಿ ಎರಡೂವರೆ ತಿಂಗಳಿಗೆ ನಮ್ಮ ಮನೆಯ ಮೆಟ್ಟಿಲನ್ನು ಯಾರ ಕೈಯನ್ನೂ ಹಿಡಿಯದೆ ಹತ್ತಿದಳು. 'ಆ ಮೂರು ವಾರ ಸುಮ್ಮನೆ ನರಳಿಸಿಬಿಟ್ಟೆವಲ್ಲ' ಎಂದು ನನ್ನ ಶ್ರೀಮತಿ ಈಗಲೂ ಪೇಚಾಡುತ್ತಾಳೆ. ನಿಮ್ಮ ಮನೆಯಲ್ಲಿ ಗರ್ಭಿಣಿಯೊಬ್ಬಳು 'ನಡೆಯಲಾಗುತ್ತಿಲ್ಲ' ಎಂದರೆ 'ಇದ್ದದ್ದೇ' ಎನ್ನಬೇಡಿ. ಎಲ್ಲಿ ನೋವು, ಯಾವಾಗ ಹೆಚ್ಚು ಎಂದು ಕೇಳಿ.