ಪಗಾನಿನಿಯದು ಕಾಯಿಲೆಯೋ ಕೈಚಳಕವೋ?

ಪಿಟೀಲು ವಾದಕ ನಿಕೊಲೊ ಪಗಾನಿನಿಯ ಹೆಸರು ಬಂತೆಂದರೆ ಅದರ ಬೆನ್ನಿಗೇ ಒಂದು ಮಾತು ಬರುತ್ತದೆ: ಆತನಿಗೆ ಅಪರೂಪದ ಆನುವಂಶಿಕ ಕಾಯಿಲೆಯಿತ್ತು, ಅದರಿಂದ ಬೆರಳುಗಳು ವಿಪರೀತ ಉದ್ದವಾಗಿದ್ದವು, ಕೀಲುಗಳು ಬೇಕಾದ ಹಾಗೆ ಬಾಗುತ್ತಿದ್ದವು, ಬೇರೆಯವರಿಗೆ ಆಗದ್ದನ್ನು ಆತ ನುಡಿಸಿದ್ದು ಅದರಿಂದಲೇ. 1782ರಲ್ಲಿ ಇಟಲಿಯ ಜಿನೋವಾದಲ್ಲಿ ಹುಟ್ಟಿದ ಈ ಮನುಷ್ಯ 1828ರಲ್ಲಿ ವಿಯೆನ್ನಾಕ್ಕೆ ಹೋಗಿ, ಅಲ್ಲಿಂದ ಜರ್ಮನಿ, ವಾರ್ಸಾ, ಪ್ಯಾರಿಸ್, ಲಂಡನ್ ಎಂದು ಯುರೋಪನ್ನೆಲ್ಲ ಸುತ್ತಿ ಕಛೇರಿ ಮಾಡಿದಾಗ, ಕೇಳಿದವರಲ್ಲಿ ಕೆಲವರು ಆತ ಸೈತಾನನಿಗೆ ಆತ್ಮ ಮಾರಿಕೊಂಡವನೆಂದೇ ನಂಬಿದ್ದರು. ನಾವೀಗ ಸೈತಾನನ ಜಾಗದಲ್ಲಿ ಜೀನನ್ನು ಕೂರಿಸಿದ್ದೇವೆ, ಅಷ್ಟೇ. ಪಗಾನಿನಿಯ ಕೌಶಲಕ್ಕೆ ಆತನ ಕಾಲದಲ್ಲೇ ಎರಡು ವಿವರಣೆಗಳು ಬಂದಿದ್ದವು. 1829ರಲ್ಲಿ ಫ್ರಾಂಕ್‌ಫರ್ಟಿನ ಸಂಗೀತ ನಿರ್ದೇಶಕ ಕಾರ್ಲ್ ಗೂರ್, ಪಗಾನಿನಿಯ ಕಛೇರಿಗಳನ್ನು ಹತ್ತಿರದಿಂದ ಗಮನಿಸಿ, ಆತ ಪಿಟೀಲನ್ನು ನುಡಿಸುವ ಬಗೆಯ ಮೇಲೊಂದು ಪುಸ್ತಕ ಪ್ರಕಟಿಸಿದ. 1831ರಲ್ಲಿ ಪ್ಯಾರಿಸ್ಸಿನ ವೈದ್ಯ ಫ್ರಾಂಚೆಸ್ಕೊ ಬೆನ್ನಾಟಿ, ಪಗಾನಿನಿಯ ಮೈಕಟ್ಟಿನ ಮೇಲೆ ಫ್ರೆಂಚ್ ವಿಜ್ಞಾನ ಅಕಾಡೆಮಿಯ ಮುಂದೊಂದು ಟಿಪ್ಪಣಿ ಓದಿದ. ಒಬ್ಬ ನೋಡಿದ್ದು ವಾದನವನ್ನು, ಇನ್ನೊಬ್ಬ ನೋಡಿದ್ದು ದೇಹವನ್ನು. ಜನಪ್ರಿಯ ವಿಜ್ಞಾನ ಹೆಚ್ಚಾಗಿ ಬೆನ್ನಾಟಿಯ ಹಿಂದೆ ಹೋಗಿದೆ. ಪುರಾವೆಗಳು ಮಾತ್ರ ಗೂರ್‌ನ ಕಡೆಗಿವೆ.

ಮೊದಲು ಕಾಯಿಲೆಯ ವಾದವನ್ನು ನೋಡೋಣ. ಪಗಾನಿನಿಯ ಕೈ ಸಾಮಾನ್ಯಕ್ಕಿಂತ ದೊಡ್ಡದಲ್ಲ, ಆದರೆ ಬೆರಳುಗಳನ್ನು ಆತ ಅಸಾಧಾರಣವಾಗಿ ಹಿಗ್ಗಿಸಬಲ್ಲ ಎಂದು ಬೆನ್ನಾಟಿ ಬರೆದಿದ್ದ. 1967ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ, ಕೀಲುಗಳು ಅತಿಯಾಗಿ ಬಾಗುವ ಎಲರ್ಸ್-ಡ್ಯಾನ್ಲೋಸ್ ಎಂಬ ಕಾಯಿಲೆ ಈತನಿಗೆ ಇದ್ದಿರಬೇಕು ಎಂಬ ಊಹೆ ಬಂತು. 1978ರಲ್ಲಿ ಅದೇ ಪತ್ರಿಕೆಯಲ್ಲಿ ಇನ್ನೊಬ್ಬ ವೈದ್ಯರು, ಅಲ್ಲ, ಅದು ಮಾರ್ಫಾನ್ ಸಿಂಡ್ರೋಮ್ ಎಂದರು. ಫ್ರಾನ್ಸಿನ ಆಂಟೊನಿನ್ ಮಾರ್ಫಾನ್ 1896ರಲ್ಲಿ ಪುಟ್ಟ ಹುಡುಗಿಯೊಬ್ಬಳಲ್ಲಿ ಮೊದಲು ವರ್ಣಿಸಿದ ಈ ಸ್ಥಿತಿಯಲ್ಲಿ ಕೈಕಾಲು, ಬೆರಳುಗಳು ಜೇಡನ ಕಾಲಿನಂತೆ ನೀಳವಾಗುತ್ತವೆ, ಮಹಾಪಧಮನಿಯ ಗೋಡೆ ದುರ್ಬಲವಾಗುತ್ತದೆ. ಇದರ ಹಿಂದಿರುವ ಫೈಬ್ರಿಲಿನ್ ಜೀನಿನ ದೋಷ 1991ರಲ್ಲಿ ಪತ್ತೆಯಾಯಿತು. ಸುಮಾರು ಐದು ಸಾವಿರ ಜನರಲ್ಲಿ ಒಬ್ಬರಿಗೆ ಇದು ಇರುತ್ತದೆ. ಆದರೆ ಮಾರ್ಫಾನ್ ವಾದಕ್ಕೆ ಆಸರೆಯೇ ಉದ್ದ ಬೆರಳು. ಕೈಯನ್ನು ಕಣ್ಣಾರೆ ಕಂಡ ವೈದ್ಯನ ಹೇಳಿಕೆ ಅದಕ್ಕೆ ಅನುಕೂಲವಾಗಿಲ್ಲ. ಜೇಡನಂಥ ಬೆರಳು ಎದ್ದು ಕಾಣುವುದು ವ್ಯಂಗ್ಯಚಿತ್ರಗಳಲ್ಲಿ, ಮತ್ತು ವ್ಯಂಗ್ಯಚಿತ್ರಕಾರನ ಕಸುಬೇ ಇದ್ದದ್ದನ್ನು ಎಳೆದು ಉದ್ದ ಮಾಡುವುದು. ಎದೆ ತೆರೆದು ನಡೆಸುವ ಶಸ್ತ್ರಚಿಕಿತ್ಸೆ ಸಾಮಾನ್ಯವಾಗುವ ಮುಂಚೆ ಮಾರ್ಫಾನ್ ರೋಗಿಗಳ ಸರಾಸರಿ ಆಯಸ್ಸು 32 ವರ್ಷ ಎಂದು 1972ರ ಅಧ್ಯಯನವೊಂದು ಲೆಕ್ಕ ಹಾಕಿತ್ತು. ಪಗಾನಿನಿ ಬದುಕಿದ್ದು 57 ವರ್ಷ. ಕೆಲವರು ಹೆಚ್ಚು ಕಾಲ ಬದುಕುವುದುಂಟು, ಆದ್ದರಿಂದ ಇದೊಂದರಿಂದಲೇ ವಾದ ಬೀಳುವುದಿಲ್ಲ. ಆತನ ಕೃಶ ದೇಹ, ಬಿದ್ದ ಹಲ್ಲು, ಕೊನೆಗೆ ಉಡುಗಿಹೋದ ದನಿ ಇವಕ್ಕೆ ಕಾರಣ ಹುಡುಕಲು ಜೀನಿನವರೆಗೆ ಹೋಗಬೇಕಾಗಿಯೂ ಇಲ್ಲ. ಸಿಫಿಲಿಸ್ಸಿಗೆಂದು ವೈದ್ಯರು ಕುಡಿಸಿದ ಪಾದರಸ ಮತ್ತು ಗಂಟಲು-ಶ್ವಾಸಕೋಶದ ಕಾಯಿಲೆಗಳೇ ಅಷ್ಟನ್ನೂ ಮಾಡಬಲ್ಲವು.

ಕಾಯಿಲೆ ಇದ್ದೀತು ಎಂದೇ ಒಪ್ಪಿಕೊಳ್ಳೋಣ. ಉದ್ದ ಬೆರಳಿನಿಂದ ಪಿಟೀಲಿನಲ್ಲಿ ಆಗುವ ಲಾಭವಾದರೂ ಎಷ್ಟು? ಪಿಟೀಲಿನ ತಂತಿಯ ನುಡಿಯುವ ಭಾಗ ಸುಮಾರು 325 ಮಿಲಿಮೀಟರ್. ಬಿಡಿ ತಂತಿಯಿಂದ ಮೊದಲ ಸ್ವರಸ್ಥಾನಕ್ಕೆ 18 ಮಿಲಿಮೀಟರ್ ದೂರ. ಕೈ ಕುದುರೆಯ ಕಡೆಗೆ ಸರಿದಂತೆ ಈ ದೂರ ಕುಗ್ಗುತ್ತದೆ; ಒಂದು ಸ್ಥಾಯಿ ಮೇಲೆ ಅದು 9, ಎರಡು ಸ್ಥಾಯಿ ಮೇಲೆ ನಾಲ್ಕೂವರೆ. ಪಕ್ಕಪಕ್ಕದ ಎರಡು ತಂತಿಗಳಲ್ಲಿ ಒಂದು ಸ್ವರವನ್ನೂ ಅದರ ಮೇಲಿನ ಸ್ಥಾಯಿಯ ಗಾಂಧಾರವನ್ನೂ ಒಟ್ಟಿಗೆ ಹಿಡಿಯುವುದು ಪಗಾನಿನಿಯ ಪ್ರಸಿದ್ಧ ಕಸರತ್ತುಗಳಲ್ಲೊಂದು. ತಂತಿಯ ಬುಡದಲ್ಲಿ ಇದಕ್ಕೆ ತೋರುಬೆರಳು ಮತ್ತು ಕಿರುಬೆರಳನ್ನು ಸುಮಾರು 118 ಮಿಲಿಮೀಟರ್ ಅಗಲಿಸಬೇಕು. ಒಂದು ಸ್ಥಾಯಿ ಮೇಲೆ ಹೋದರೆ ಅದರ ಅರ್ಧ, 59 ಮಿಲಿಮೀಟರ್ ಸಾಕು. ಅಂದರೆ ಉದ್ದ ಬೆರಳಿಗೆ ಕೆಲಸವಿರುವುದು ಬುಡದ ಕೆಲವೇ ಹಿಡಿತಗಳಲ್ಲಿ. ಕೇಳುಗರು ಉಸಿರು ಬಿಗಿಹಿಡಿಯುವ ಮೇಲಿನ ಸ್ಥಾಯಿಗಳಲ್ಲಿ ಸ್ವರಗಳ ನಡುವಿನ ಜಾಗ ಬೆರಳ ತುದಿಯ ಅಗಲಕ್ಕಿಂತ ಕಿರಿದು. ಅಲ್ಲಿ ಬೇಕಾದದ್ದು ಕರಾರುವಾಕ್ಕುತನ. ಜೇಡನ ಕಾಲು ಅಲ್ಲಿ ತೊಡಕೇ ಆದೀತು.

ಹಾಗಾದರೆ ಗೂರ್ ಏನು ಕಂಡ? ಎಡಗೈಯಿಂದಲೇ ತಂತಿ ಮೀಟುವುದು, ತಂತಿಯನ್ನು ಒತ್ತದೆ ಸವರಿ ಹಾರ್ಮೋನಿಕ್ಸ್ ಹೊರಡಿಸುವುದು, ಒಂದೇ ತಂತಿಯಲ್ಲಿ ಇಡೀ ಕೃತಿ ನುಡಿಸುವುದು, ಕಮಾನಿನ ವಿಶೇಷ ಹೊಡೆತಗಳು, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಪಿಟೀಲಿನ ಶ್ರುತಿಯನ್ನೇ ಬದಲಿಸುವುದು. ಪಗಾನಿನಿಯ ಮೊದಲ ಕನ್ಚರ್ಟೊದಲ್ಲಿ ವಾದ್ಯವೃಂದ ಇ-ಫ್ಲಾಟ್ ಮೇಜರ್‌ನಲ್ಲಿದ್ದರೆ, ಆತನ ಪಿಟೀಲಿನ ನಾಲ್ಕೂ ತಂತಿಗಳು ಒಂದೊಂದು ಸ್ವರಸ್ಥಾನ ಮೇಲಕ್ಕೇರಿರುತ್ತಿದ್ದವು. ಬೆರಳಿಗೆ ಮಾತ್ರ ಸುಲಭವಾದ ಡಿ ಮೇಜರ್. ಹಿನ್ನೆಲೆಯ ಪಿಟೀಲುಗಳ ಬಿಡಿ ತಂತಿಗಳು ಆ ಶ್ರುತಿಗೆ ಹೊಂದದೆ ಮಂಕಾದರೆ, ಆತನ ತಂತಿಗಳು ಝೇಂಕರಿಸುತ್ತಿದ್ದವು. ತಂತಿಯ ಬಿಗಿತ ಕಂಪನಾಂಕದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಒಂದು ಸ್ವರಸ್ಥಾನಕ್ಕೆ ಬಿಗಿತ ನೂರಕ್ಕೆ 12ರಷ್ಟು ಹೆಚ್ಚುತ್ತದೆ. ರೊಸ್ಸಿನಿಯ ಮೋಸೆ ಆಪೆರಾದ ಧಾಟಿಯ ಮೇಲೆ ಬರೆದ ಏಕತಂತಿ ಕೃತಿಯಲ್ಲಿ ಆತ ಮಂದ್ರದ ತಂತಿಯನ್ನು ಮೂರು ಸ್ವರಸ್ಥಾನ ಏರಿಸುತ್ತಿದ್ದ. ಅದೇ ತಂತಿಯಾದರೆ ಬಿಗಿತ ನೂರಕ್ಕೆ 41ರಷ್ಟು ಏರುತ್ತದೆ. ಗಾಯಕರ ಶ್ರುತಿಗೆ ತಕ್ಕಂತೆ ಪಿಟೀಲನ್ನು ಸ-ಪ-ಸ-ಪ ಎಂದು ಹೊಂದಿಸಿಕೊಳ್ಳುವ ನಮ್ಮ ವಿದ್ವಾಂಸರಿಗೆ ಶ್ರುತಿ ಬದಲಿಸುವುದೊಂದು ಪವಾಡವೆನಿಸದು. ಮೈಸೂರು ಟಿ. ಚೌಡಯ್ಯನವರಂತೂ ದನಿ ದೂರಕ್ಕೆ ಕೇಳಲೆಂದು ತಂತಿಗಳ ಸಂಖ್ಯೆಯನ್ನೇ ಏಳಕ್ಕೆ ಏರಿಸಿದರು. ಅವರ ನಾದದ ಗುಟ್ಟನ್ನು ಯಾರೂ ಅವರ ರಕ್ತದಲ್ಲಿ ಹುಡುಕಲಿಲ್ಲ. ವಾದ್ಯವನ್ನು ಸಭೆಗೆ ತಕ್ಕಂತೆ ಮಾರ್ಪಡಿಸುವುದು ಬುದ್ಧಿಯ ಕೆಲಸ, ಮತ್ತು ಅದನ್ನು ಇನ್ನೊಬ್ಬರು ಕಲಿಯಬಹುದು.

ಎಡಗೈಯ ಬಗ್ಗೆ ಇಷ್ಟು ಮಾತಾಡುವವರು ಬಲಗೈಯನ್ನು ಮರೆತೇಬಿಡುತ್ತಾರೆ. ಪಿಟೀಲಿನ ನಿಜವಾದ ಕಷ್ಟ ಇರುವುದು ಕಮಾನಿನಲ್ಲಿ. ರಾಳ ಹಚ್ಚಿದ ಕೂದಲು ತಂತಿಯನ್ನು ಅಂಟಿಸಿಕೊಂಡು ಎಳೆಯುತ್ತದೆ, ತಂತಿ ಜಾರಿಕೊಳ್ಳುತ್ತದೆ, ಮತ್ತೆ ಅಂಟುತ್ತದೆ. 440 ಹರ್ಟ್ಸ್‌ನ ತಂತಿಯಲ್ಲಿ ಇದು ಸೆಕೆಂಡಿಗೆ 440 ಸಲ ನಡೆಯುತ್ತದೆ. ಈ ಚಲನೆಯ ಸ್ವರೂಪವನ್ನು ಸೂಕ್ಷ್ಮದರ್ಶಕದ ನೆರವಿನಿಂದ ಮೊದಲು ಕಂಡವನು ಜರ್ಮನಿಯ ಹೆಲ್ಮ್‌ಹೋಲ್ಟ್ಸ್. ಅದರ ಪೂರ್ಣ ಯಂತ್ರಶಾಸ್ತ್ರವನ್ನು ಕಟ್ಟಲು ಹೊರಟವರು ನಮ್ಮ ಸಿ. ವಿ. ರಾಮನ್. ಬೆಂಗಳೂರಿಗೆ ಬರುವ ಎಷ್ಟೋ ಮುಂಚೆ, 1918ರಲ್ಲಿ ಕಲ್ಕತ್ತೆಯಲ್ಲಿದ್ದಾಗಲೇ ಕಮಾನೆಳೆದ ತಂತಿಗಳ ಮೇಲೆ ಅವರ ದೊಡ್ಡ ಪ್ರಬಂಧ ಪ್ರಕಟವಾಯಿತು. ಮುಂದೆ ಅವರು ಪಿಟೀಲು ನುಡಿಸುವ ಯಂತ್ರವನ್ನೇ ಮಾಡಿ, ಕಮಾನು ಕುದುರೆಗೆ ಹತ್ತಿರವಾದಷ್ಟೂ ಹೆಚ್ಚು ಒತ್ತಡ ಬೇಕೆಂದು ಅಳೆದು ತೋರಿಸಿದರು. ಒತ್ತಡ ಕಡಿಮೆಯಾದರೆ ದನಿ ಒಡೆಯುತ್ತದೆ, ಹೆಚ್ಚಾದರೆ ಕರಕರ ಎನ್ನುತ್ತದೆ. ನಡುವಿನ ಹಾದಿ ಕಿರಿದು. ಸ್ವರ ಹುಟ್ಟುವ ಕ್ಷಣದಲ್ಲಂತೂ ಅದು ಇನ್ನೂ ಕಿರಿದು. ಆರಂಭದ ಗೊರಗೊರ ಸುಮಾರು 50ರಿಂದ 90 ಮಿಲಿಸೆಕೆಂಡಿನೊಳಗೆ ಮುಗಿದರೆ ಮಾತ್ರ ಕಿವಿ ಸಹಿಸುತ್ತದೆ ಎಂದು ಗುಯೆಟ್ಲರ್ ಮತ್ತು ಆಸ್ಕೆನ್‌ಫೆಲ್ಟ್ 1997ರಲ್ಲಿ ಪ್ರಯೋಗದಿಂದ ಕಂಡುಕೊಂಡರು. ಸೆಕೆಂಡಿಗೆ 12 ಸ್ವರ ನುಡಿಸುವವನಿಗೆ ಒಂದೊಂದು ಸ್ವರಕ್ಕೆ ಸಿಗುವುದೇ 83 ಮಿಲಿಸೆಕೆಂಡು.

ಒಂಟಿ ಪಿಟೀಲಿಗೆ ಪಗಾನಿನಿ ಬರೆದ ಕಪ್ರೀಸ್ ಎಂಬ ಕಿರುಕೃತಿಗಳಲ್ಲಿ ಐದನೆಯದರಲ್ಲಿ ಬರುವ ರಿಕೊಶೆ ಎಂಬ ಕಮಾನಿನ ಹೊಡೆತ ಇಲ್ಲಿ ತುಂಬ ಸ್ವಾರಸ್ಯಕರ. ಕೆರೆಯ ದಂಡೆಯಲ್ಲಿ ನಿಂತು ಚಪ್ಪಟೆ ಕಲ್ಲನ್ನು ನೀರಿಗೆ ಓರೆಯಾಗಿ ಎಸೆಯುವ ಆಟವನ್ನು ನೆನೆಸಿಕೊಳ್ಳಿ. ಎಸೆಯುವುದು ಒಂದೇ ಸಲ, ಕಲ್ಲು ನೆಗೆಯುವುದು ಐದಾರು ಸಲ. ಪ್ರತಿ ನೆಗೆತಕ್ಕೂ ಬೇರೆ ಬೇರೆ ಶಕ್ತಿ ಹಾಕುವವರಿಲ್ಲ. ಎಸೆತದ ಕೋನ, ವೇಗ ಮತ್ತು ಕಲ್ಲಿನ ತಿರುಗು ಮೊದಲೇ ಸರಿಯಾಗಿದ್ದರೆ ಉಳಿದದ್ದನ್ನು ನೀರೇ ನೋಡಿಕೊಳ್ಳುತ್ತದೆ. ತೋಳ್ಬಲ ಇದ್ದವನ ಕಲ್ಲು ಮುಳುಗಿ, ಪಕ್ಕದ ಪುಟ್ಟ ಹುಡುಗನ ಕಲ್ಲು ಆಚೆ ದಡ ಹುಡುಕಿಕೊಂಡು ಹೋಗುವುದು ಇದಕ್ಕೇ. ರಿಕೊಶೆಯಲ್ಲೂ ಹಾಗೆಯೇ. ಕಮಾನನ್ನು ತಂತಿಯ ಮೇಲೆ ಒಮ್ಮೆ ಎಸೆದರೆ ಅದು ತನ್ನ ಸ್ಥಿತಿಸ್ಥಾಪಕತೆಯಿಂದ ತಾನೇ ಪುಟಿದು ಮೂರು ಸ್ವರ ನುಡಿಸುತ್ತದೆ, ತಿರುಗಿ ಎಳೆವಾಗ ನಾಲ್ಕನೆಯದು. ತಂತಿ ಕಮಾನಿನ ಯಾವ ಭಾಗಕ್ಕೆ ತಾಗುತ್ತದೆ ಎಂಬುದರ ಮೇಲೆ ಪುಟಿತದ ವೇಗ ಬದಲಾಗುತ್ತದೆ: ಹಿಡಿಯ ಹತ್ತಿರ ನಿಧಾನ, ತುದಿಯ ಕಡೆ ಚುರುಕು. ವಾದಕ ಮಾಡಬೇಕಾದದ್ದು ಬೇಕಾದ ವೇಗದ ಜಾಗವನ್ನು ಹುಡುಕಿ, ಅಲ್ಲಿ ಎಸೆದು, ಅಡ್ಡಿಪಡಿಸದೆ ಬಿಡುವುದು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ತೂರ್ತ್ ಒಳಬಾಗಿನ ಹೊಸ ಕಮಾನಿಗೆ ರೂಪ ಕೊಟ್ಟಮೇಲೆ ಇಂಥ ಪುಟಿತಕ್ಕೆ ಅನುಕೂಲ ಹೆಚ್ಚಿತು. ಕಣ್ಣಿಗೆ ಅಮಾನುಷವಾಗಿ ಕಾಣುವ ವೇಗದಲ್ಲಿ ದೊಡ್ಡ ಪಾಲು ಕಟ್ಟಿಗೆಯದು ಮತ್ತು ಕೂದಲಿನದು. ಬೆರಳಿನ ಕೀಲು ಎಷ್ಟು ಬಾಗಿದರೂ ಇದು ಬರುವುದಿಲ್ಲ.

ಇಲ್ಲಿ ಒಂದು ಗಟ್ಟಿ ಆಕ್ಷೇಪವಿದೆ: ಮೃದುವಾದ ಕೀಲು ವಾದಕರಿಗೆ ಲಾಭವೆಂಬುದು ಬರೀ ಊಹೆಯಲ್ಲ. ಅಮೆರಿಕದ ರಾಚೆಸ್ಟರ್‌ನ ಈಸ್ಟ್‌ಮನ್ ಸಂಗೀತ ಶಾಲೆಯ 660 ಸಂಗೀತಗಾರರನ್ನು ಪರೀಕ್ಷಿಸಿ 1993ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಣಿಕಟ್ಟು ಅತಿಯಾಗಿ ಬಾಗುವವರಲ್ಲಿ ನೂರಕ್ಕೆ 5 ಜನರಿಗೆ ಮಾತ್ರ ಅಲ್ಲಿ ನೋವು, ಬಿಗಿತ ಇತ್ತು. ಉಳಿದವರಲ್ಲಿ ನೂರಕ್ಕೆ 18 ಜನರಿಗೆ. ಲಾಭ ನಿಜ. ಆದರೆ ಅದೇ ಅಧ್ಯಯನದ ಇನ್ನೊಂದು ಅಂಕಿಯನ್ನು ಯಾರೂ ಎತ್ತಿ ಆಡುವುದಿಲ್ಲ. ಅಂಥ ಮಣಿಕಟ್ಟು ಇದ್ದವರು 660ರಲ್ಲಿ 96 ಜನ, ಅಂದರೆ ಏಳರಲ್ಲಿ ಒಬ್ಬರು. ಒಂದೇ ಶಾಲೆಯಲ್ಲಿ 96 ಜನರಿಗೆ ಇರುವ ಗುಣ ಇಡೀ ಯುರೋಪಿಗೆ ಒಬ್ಬನೇ ಆಗಿದ್ದವನ ಗುಟ್ಟಾಗಲು ಹೇಗೆ ಸಾಧ್ಯ? ಮೃದು ಕೀಲು ನೋವಿಲ್ಲದೆ ದುಡಿಯಲು ನೆರವಾದೀತು. ಏನು ದುಡಿಯಬೇಕು ಎಂಬುದನ್ನು ಅದು ಹೇಳಿಕೊಡುವುದಿಲ್ಲ.

ಹಾಗೆಂದು ಎಲ್ಲವೂ ಅಭ್ಯಾಸ ಎನ್ನುವ ಇನ್ನೊಂದು ಅತಿರೇಕಕ್ಕೂ ಹೋಗಬೇಕಾಗಿಲ್ಲ. ಬರ್ಲಿನ್ನಿನ ಪಿಟೀಲು ವಿದ್ಯಾರ್ಥಿಗಳ ಮೇಲೆ ಎರಿಕ್ಸನ್ ತಂಡ 1993ರಲ್ಲಿ ನಡೆಸಿದ ಅಧ್ಯಯನವೇ ಮುಂದೆ ಹತ್ತು ಸಾವಿರ ಗಂಟೆಯ ನಿಯಮವಾಗಿ ಮಾರುಕಟ್ಟೆಗೆ ಬಂತು. 2019ರಲ್ಲಿ ಆ ಅಧ್ಯಯನವನ್ನು ಮತ್ತೆ ಮಾಡಿ ನೋಡಿದಾಗ, ವಾದಕರ ನಡುವಿನ ವ್ಯತ್ಯಾಸದಲ್ಲಿ ಅಭ್ಯಾಸದ ಗಂಟೆಗಳು ವಿವರಿಸಿದ್ದು ಸುಮಾರು ಕಾಲು ಭಾಗ ಮಾತ್ರ. ಸ್ವೀಡನ್ನಿನ ಹತ್ತು ಸಾವಿರಕ್ಕೂ ಹೆಚ್ಚು ಅವಳಿಗಳ ಅಧ್ಯಯನದಲ್ಲಿ, ಸ್ವರ-ತಾಳಗಳನ್ನು ಗುರುತಿಸುವ ಶಕ್ತಿಯಲ್ಲಿ ಹುಟ್ಟಿನಿಂದ ಬರುವ ಪಾಲು ದೊಡ್ಡದೆಂದೂ, ಅಭ್ಯಾಸ ಮಾಡುವ ಒಲವೂ ಗಣನೀಯವಾಗಿ ಆನುವಂಶಿಕವೆಂದೂ ತಿಳಿಯಿತು. ಇದು ಜೀನ್ ವಾದಿಗಳ ಗೆಲುವೇ? ಅಲ್ಲ. ಆ ಪರೀಕ್ಷೆ ಅಳೆದದ್ದು ಕೇಳುವ ಶಕ್ತಿಯನ್ನು, ನುಡಿಸುವ ಕೌಶಲವನ್ನಲ್ಲ. ಅಲ್ಲಿನ ಆನುವಂಶಿಕತೆ ಎಣಿಸಲಾಗದಷ್ಟು ಜೀನುಗಳ ಪುಟ್ಟ ಪುಟ್ಟ ಪಾಲು ಸೇರಿ ಆಗಿರುವಂಥದ್ದು, ಒಂದು ಜೀನಿನ ಒಂದು ದೋಷವಲ್ಲ. ತರಬೇತಿ ದೇಹವನ್ನು ಬದಲಿಸುವುದೂ ಸಾಬೀತಾಗಿದೆ. ತಂತಿವಾದ್ಯ ನುಡಿಸುವವರ ಮಿದುಳಿನಲ್ಲಿ ಎಡಗೈ ಬೆರಳುಗಳಿಗೆ ಮೀಸಲಾದ ಜಾಗ ಇತರರಿಗಿಂತ ಹಿರಿದೆಂದೂ, ಎಷ್ಟು ಎಳೆಯ ವಯಸ್ಸಿನಲ್ಲಿ ಕಲಿಕೆ ಶುರುವಾಗಿದ್ದರೆ ಅಷ್ಟು ಹಿರಿದೆಂದೂ ಎಲ್ಬರ್ಟ್ ತಂಡ 1995ರಲ್ಲಿ ತೋರಿಸಿತು. ಪಗಾನಿನಿಯೂ ಬಾಲ್ಯದಲ್ಲೇ ಪಿಟೀಲು ಹಿಡಿದವನು. ಆತನ ಕಪ್ರೀಸ್‌ಗಳಿಗೂ ಪೂರ್ವಜರಿದ್ದರು. ಇಟಲಿಯ ಪಿಟೀಲುಗಾರ ಲೊಕಾಟೆಲ್ಲಿ 1733ರಲ್ಲೇ 24 ಕಪ್ರೀಸ್‌ಗಳನ್ನು ಪ್ರಕಟಿಸಿದ್ದ.

ಇಷ್ಟಾದರೂ ದೇಹದ ಕತೆಯೇ ಜನರ ಬಾಯಲ್ಲಿ ಉಳಿದದ್ದೇಕೆ? ಕಛೇರಿ ಎಂಬುದು ಕಣ್ಣಿನ ಕಲೆಯೂ ಹೌದು ಎಂಬುದೇ ಇದಕ್ಕೆ ಉತ್ತರ. ಸಂಗೀತ ಸ್ಪರ್ಧೆಗಳ ದನಿಯಿಲ್ಲದ ವೀಡಿಯೊ ನೋಡಿದವರು, ಬರೀ ದನಿ ಕೇಳಿದವರಿಗಿಂತ ಚೆನ್ನಾಗಿ ಗೆದ್ದವರನ್ನು ಗುರುತಿಸಿದರು ಎಂದು ಚಿಯಾ-ಜುಂಗ್ ತ್ಸೇ 2013ರಲ್ಲಿ ವರದಿ ಮಾಡಿದರು. ನುರಿತ ಸಂಗೀತಗಾರರೂ ಇದಕ್ಕೆ ಹೊರತಾಗಿರಲಿಲ್ಲ. ಪಗಾನಿನಿಗೆ ಇದು ಪ್ರಯೋಗವಿಲ್ಲದೆಯೇ ಗೊತ್ತಿತ್ತು. ಕಮಾನು ಓಡುತ್ತಿರುವಾಗಲೇ ಎಡಗೈಯಿಂದ ತಂತಿ ಮೀಟುವುದು ಕಿವಿಗಿಂತ ಕಣ್ಣಿಗೆ ದೊಡ್ಡ ಬೆರಗು. ಬಡಕಲು ಮೈ, ಕಪ್ಪು ಉಡುಪು, ಸೈತಾನನ ವದಂತಿ ಎಲ್ಲವೂ ಟಿಕೆಟ್ ಮಾರಿದವು. ಗುಟ್ಟುಗಳನ್ನು ಆತ ಬಿಗಿಯಾಗಿಯೇ ಕಾಯ್ದುಕೊಂಡ. ಕಪ್ರೀಸ್‌ಗಳು 1820ರಲ್ಲಿ ಅಚ್ಚಾದರೂ, ಮೊದಲೆರಡು ಕನ್ಚರ್ಟೊಗಳು ಹೊರಬಂದದ್ದು ಆತ ತೀರಿಕೊಂಡ ಹನ್ನೊಂದು ವರ್ಷದ ಮೇಲೆ, 1851ರಲ್ಲಿ. ವಿಧಾನ ಕಾಣದಿದ್ದಾಗ ಜನ ದೇಹವನ್ನೇ ದಿಟ್ಟಿಸುತ್ತಾರೆ. ಬೆನ್ನಾಟಿ ಮಾಡಿದ್ದೂ ಅದನ್ನೇ, ಜೀನ್ ಹುಡುಕುವವರು ಇಂದು ಮಾಡುತ್ತಿರುವುದೂ ಅದನ್ನೇ.

ಆದರೆ ಆತನ ಕಸುಬಿನವರು ಹಾಗೆ ಮಾಡಲಿಲ್ಲ. 1832ರಲ್ಲಿ ಪ್ಯಾರಿಸ್ಸಿನಲ್ಲಿ ಆತನನ್ನು ಕೇಳಿದ ಪಿಯಾನೊ ವಾದಕ ಲಿಸ್ಟ್ ಆ ಕೌಶಲವನ್ನು ಪಿಯಾನೊಗೆ ತರಲು ದಿನಗಟ್ಟಲೆ ಸಾಧನೆಗೆ ಕೂತ. ಎರ್ನ್ಸ್ಟ್ ಎಂಬ ಯುವ ಪಿಟೀಲುಗಾರ ಪಗಾನಿನಿಯ ಪಕ್ಕದ ಕೋಣೆ ಬಾಡಿಗೆಗೆ ಹಿಡಿದು, ಗೋಡೆಯಾಚೆಯ ಅಭ್ಯಾಸವನ್ನು ಕದ್ದು ಕೇಳಿ, ತಾನೇ ಇನ್ನೂ ಕಠಿಣ ಕೃತಿಗಳನ್ನು ಬರೆದ. ಪಿಟೀಲುಗಾರ ರುಜೇರೊ ರಿಚ್ಚಿ 1947ರಲ್ಲಿ 24 ಕಪ್ರೀಸ್‌ಗಳನ್ನೂ ಮೂಲ ರೂಪದಲ್ಲಿ ಧ್ವನಿಮುದ್ರಿಸಿದ. ಜಪಾನಿನ ಮಿಡೊರಿ ಹದಿಹರೆಯದಲ್ಲೇ ಅದನ್ನು ಮಾಡಿದಳು. 1954ರಿಂದ ಜಿನೋವಾದಲ್ಲಿ ಪಗಾನಿನಿಯ ಹೆಸರಿನ ಸ್ಪರ್ಧೆ ನಡೆಯುತ್ತಿದೆ, ಆತನ 1743ರ ಗ್ವಾರ್ನೇರಿ ಪಿಟೀಲು ಈಗಲೂ ಅದೇ ಊರಿನಲ್ಲಿದೆ. ಇಂದಿನವರಿಗೆ ಗಲ್ಲದ ಆಸರೆಯಿದೆ, ಗಟ್ಟಿ ತಂತಿಗಳಿವೆ, ಎರಡು ಶತಮಾನದ ಪಾಠಕ್ರಮವಿದೆ, ಹೋಲಿಕೆ ಸರಿಯಲ್ಲ ಎನ್ನಬಹುದು. ಒಪ್ಪೋಣ, ಆದರೆ ಆ ಆಕ್ಷೇಪವೇ ಇಲ್ಲಿನ ವಾದವನ್ನು ಬಲಪಡಿಸುತ್ತದೆ. ಸಲಕರಣೆ ಮತ್ತು ಪಾಠದಿಂದ ತುಂಬಿಸಬಹುದಾದ ಕೊರತೆಯನ್ನು ಜೀನಿನ ಕೊರತೆ ಎನ್ನಲು ಬರುವುದಿಲ್ಲ. ಐದು ಸಾವಿರಕ್ಕೊಬ್ಬರಿಗೆ ಬರುವ ಕಾಯಿಲೆಯಿಲ್ಲದೆ ಈ ಕೃತಿಗಳನ್ನು ನುಡಿಸಲಾಗದು ಎಂಬುದು ನಿಜವಾಗಿದ್ದರೆ, ಅವು ಇಂದು ಪ್ರಪಂಚದ ಸಂಗೀತ ಶಾಲೆಗಳ ಪ್ರವೇಶ ಪರೀಕ್ಷೆಯಲ್ಲೂ ಸ್ಪರ್ಧೆಯ ಮೊದಲ ಸುತ್ತಿನಲ್ಲೂ ಇರುತ್ತಿರಲಿಲ್ಲ. ವಿವರಣೆಯೊಂದು ಸರಿಯೋ ತಪ್ಪೋ ಎಂದು ತಿಳಿಯಲು ಒಂದು ಒರಟು ಪರೀಕ್ಷೆಯಿದೆ: ಅದನ್ನು ಓದಿದ ಮೇಲೆ ಇನ್ನೊಬ್ಬರಿಗೆ ಆ ಕೆಲಸ ಮಾಡಲು ಬರುತ್ತದೆಯೇ? ಗೂರ್‌ನ ಪುಸ್ತಕ ಓದಿದವರು ತಂತಿಯನ್ನು ಒಂದು ಸ್ವರಸ್ಥಾನ ಏರಿಸಿ ಕೂತು ಅಭ್ಯಾಸ ಮಾಡಬಲ್ಲವರಾದರು. ಮಾರ್ಫಾನ್ ಕತೆ ಓದಿದವರು ತಮ್ಮ ಬೆರಳು ನೋಡಿಕೊಂಡು ಸುಮ್ಮನಾಗುತ್ತಾರೆ.