ಅಟ್ಟದ ಮೇಲಿನ ಸೈಲೆನ್ಸರ್‌ಗೂ ಬೆಲೆಯುಂಟು

ಪರೀಕ್ಷೆಗಳು ಮುಗಿದವೆಂದರೆ ಕಾಲೇಜು ಊರುಗಳಲ್ಲಿ ಸಣ್ಣದೊಂದು ಸಂತೆಯೇ ನೆರೆಯುತ್ತದೆ. ಕೋರ್ಸು ಮುಗಿಸಿದ ಹುಡುಗರು ರೂಮು ಖಾಲಿ ಮಾಡುವ ಮೊದಲು ಮಂಚ, ಟೇಬಲ್ ಫ್ಯಾನು, ಪುಸ್ತಕಗಳ ಜೊತೆ ಬೈಕನ್ನೂ ಮಾರಾಟಕ್ಕೆ ನಿಲ್ಲಿಸುತ್ತಾರೆ. ಮಾಮೂಲಿ ಬೈಕಾದರೆ ಕಷ್ಟವೇನಿಲ್ಲ. ಅಂಥವೇ ನಾಲ್ಕು ಬೈಕುಗಳು ಅದೇ ಬೀದಿಯಲ್ಲಿ ಎಷ್ಟಕ್ಕೆ ಹೋದವು ಎಂದು ವಿಚಾರಿಸಿದರೆ ಬೆಲೆ ಗೊತ್ತಾಗುತ್ತದೆ. ತಂಟೆ ಇರುವುದು ಇನ್ನೊಂದು ಬಗೆಯ ಬೈಕಿನಲ್ಲಿ. ಎತ್ತರಿಸಿದ ಸೀಟು, ಹಲ್ಲು ಹಲ್ಲಾದ ಟೈರು, ಕಿತ್ತು ಹಾಕಿದ ಇಂಡಿಕೇಟರ್, ಕಂಪೆನಿಯ ಸೈಲೆನ್ಸರ್ ಇದ್ದ ಕಡೆ ಒಂದು ಗಿಡ್ಡ ಕೊಳವೆ. ಹುಡುಗರ ಭಾಷೆಯಲ್ಲಿ ಇದು ‘ಡರ್ಟ್ ಬೈಕ್’. ಗ್ಯಾರೇಜಿನವರ ಭಾಷೆಯಲ್ಲಿ ‘ಆಲ್ಟರ್ ಗಾಡಿ’. ಎರಡು ಹೆಸರುಗಳ ನಡುವಿನ ಅಂತರವೇ ಎಷ್ಟೋ ಸಾವಿರ ರೂಪಾಯಿ!

ಇಂಥ ಬೈಕಿನ ಮುಂದೆ ನಿಂತಾಗ ಮೂರು ಲೆಕ್ಕಗಳು ಹುಟ್ಟುತ್ತವೆ. ಮಗ ತಾನು ಬೈಕಿಗೆ ಕೊಟ್ಟದ್ದನ್ನೂ ಆಮೇಲೆ ಸುರಿದದ್ದನ್ನೂ ಕೂಡಿಸಿ ಒಂದಿಷ್ಟು ಕಳೆಯುತ್ತಾನೆ. ತಂದೆ ಷೋರೂಮಿನ ಬಿಲ್ಲನ್ನಷ್ಟೇ ನೋಡಿ ಅರ್ಧ ಬಂದರೆ ಸಾಕು ಎನ್ನುತ್ತಾರೆ. ಬ್ರೋಕರ್ ಮಾತ್ರ ಬೈಕಿನ ಸುತ್ತ ಒಂದು ಸುತ್ತು ಬಂದು, ಏನೇನು ಇಲ್ಲ ಎಂಬುದನ್ನು ಎಣಿಸುತ್ತಾನೆ. ನಿಜಕ್ಕೆ ಹತ್ತಿರವಾಗಿರುವುದು ಈ ಮೂರನೆಯವನ ಲೆಕ್ಕ.

ಹಳ್ಳದಿಣ್ಣೆಯ ಓಟದ ಹುಚ್ಚು ನಮ್ಮ ರಾಜ್ಯಕ್ಕೆ ಹೊಸದಲ್ಲ. ಮಣ್ಣಿನ ದಾರಿಗೆಂದೇ ಮಾಡಿದ ಬೈಕು ಷೋರೂಮುಗಳಲ್ಲಿ ಸಿಗದಿದ್ದ ಕಾಲದಲ್ಲಿ ಯಮಹಾ ಆರ್‌ಎಕ್ಸ್ 100, ಸುಜುಕಿ ಶೋಗನ್‌ಗಳ ಮಡ್‌ಗಾರ್ಡ್ ಎತ್ತರಿಸಿ, ದೀಪ ಕಳಚಿ ಓಡಿಸುತ್ತಿದ್ದರು. 2011ರಲ್ಲಿ ಹೀರೊ ಇಂಪಲ್ಸ್ ಬಂತು, 2016ರಲ್ಲಿ ರಾಯಲ್ ಎನ್‌ಫೀಲ್ಡ್ ಹಿಮಾಲಯನ್, 2019ರಲ್ಲಿ ಹೀರೊ ಎಕ್ಸ್‌ಪಲ್ಸ್ 200. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ‍್ಯಾಲಿಯನ್ನು ಪೂರೈಸಿದ ಮೊದಲ ಭಾರತೀಯರೆನಿಸಿದರು. ಉಡುಪಿಯ ಕೆ.ಪಿ. ಅರವಿಂದ್ 2019ರಲ್ಲಿ ಅದೇ ರ‍್ಯಾಲಿಯನ್ನು ಮುಗಿಸಿದರು. ಎಕ್ಸ್‌ಪಲ್ಸ್‌ಗೆ ಕಂಪೆನಿಯೇ 2020ರಲ್ಲಿ 38,000 ರೂಪಾಯಿಯ ‘ರ‍್ಯಾಲಿ ಕಿಟ್’ ಒಂದನ್ನು ಮಾರುಕಟ್ಟೆಗೆ ಬಿಟ್ಟಿತು: ಹೆಚ್ಚು ಕುಣಿಯುವ ಸಸ್ಪೆನ್ಷನ್, ಎತ್ತರದ ಸೀಟು, ಹ್ಯಾಂಡಲ್ ಎತ್ತರಿಸುವ ತುಂಡುಗಳು, ಉದ್ದನೆಯ ಗೇರ್ ಪೆಡಲ್, ಮಣ್ಣಿನ ಟೈರುಗಳು. ಬೈಕಿನ ಆರಂಭದ ಬೆಲೆ ದೆಹಲಿ ಷೋರೂಮಿನಲ್ಲಿ ಒಂದು ಲಕ್ಷದ ಆಸುಪಾಸು. ಅದರ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ದುಡ್ಡನ್ನು ಮತ್ತೆ ಅದಕ್ಕೇ ಸುರಿಯುವ ದಾರಿ ಹೀಗೆ ತೆರೆದುಕೊಂಡಿತು.

ಮೊದಲು ಮೂಲ ಬೈಕಿನ ಬೆಲೆ

ಆಲ್ಟರ್ ಮಾಡಿಸಿದ್ದನ್ನೆಲ್ಲ ಒಂದು ಗಳಿಗೆ ಮರೆತು, ಇದೇ ಬೈಕು ಕಂಪೆನಿಯಿಂದ ಬಂದ ಹಾಗೆಯೇ ಇದ್ದಿದ್ದರೆ ಎಷ್ಟು ಬಾಳುತ್ತಿತ್ತು ಎಂದು ಕೇಳಿಕೊಳ್ಳುವುದು ಮೊದಲ ಕೆಲಸ. ಇಲ್ಲಿ ಹಿಡಿಯಬೇಕಾದದ್ದು ಅಂದು ಕೊಟ್ಟ ಬೆಲೆಯನ್ನಲ್ಲ, ಇಂದು ಅಂಥದೇ ಹೊಸ ಬೈಕಿಗೆ ಇರುವ ಬೆಲೆಯನ್ನು. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಮೇಲಿನ ಜಿಎಸ್‌ಟಿ ಶೇಕಡ 28ರಿಂದ 18ಕ್ಕೆ ಇಳಿಯಿತು. ಹೊಸದೇ ಅಗ್ಗವಾದ ಮೇಲೆ ಹಳೆಯದಕ್ಕೆ ಹಿಂದಿನ ದರ ಕೇಳಿದರೆ ಕೊಳ್ಳುವವನು ಷೋರೂಮಿನ ಕಡೆ ತಿರುಗುತ್ತಾನೆ.

ವಯಸ್ಸಿಗೆ ತಕ್ಕಂತೆ ಎಷ್ಟು ಕಳೆಯಬೇಕು ಎಂಬುದಕ್ಕೆ ಮನೆಯಲ್ಲೇ ಒಂದು ಅಳತೆಗೋಲಿದೆ: ವಿಮೆಯ ಪಾಲಿಸಿ. ವಾಹನ ವಿಮೆಯಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಸವಕಳಿ ಕೋಷ್ಟಕದ ಪ್ರಕಾರ ಆರು ತಿಂಗಳೊಳಗಿನ ವಾಹನಕ್ಕೆ ಶೇ 5, ಒಂದು ವರ್ಷದೊಳಗೆ ಶೇ 15, ಎರಡರೊಳಗೆ ಶೇ 20, ಮೂರರೊಳಗೆ ಶೇ 30, ನಾಲ್ಕರೊಳಗೆ ಶೇ 40, ಐದರೊಳಗೆ ಶೇ 50 ಕಳೆಯುತ್ತಾರೆ. ಸಂತೆಯ ಬೆಲೆ ಇದಕ್ಕಿಂತ ಅಷ್ಟಿಷ್ಟು ಮೇಲೆ ಕೆಳಗೆ ಆಗಬಹುದು. ಆದರೂ ಜಗಳ ಶುರುವಾಗುವ ಮೊದಲು ಕಾಲೂರಲು ಒಂದು ನೆಲ ಬೇಕಲ್ಲ!

ಇನ್ನು ಲೆಕ್ಕದ ಪುಸ್ತಕ ತೆಗೆಯಬಹುದು. ಇಲ್ಲಿನ ಅಂಕಿಗಳು ಉದಾಹರಣೆಗಷ್ಟೇ. ಹೊಸದಕ್ಕೆ ಇಂದು ಒಂದೂವರೆ ಲಕ್ಷ ಇರುವ, ನಾಲ್ಕನೆಯ ವರ್ಷದಲ್ಲಿ ಓಡುತ್ತಿರುವ ಒಂದು ಬೈಕು ಎಂದಿಟ್ಟುಕೊಳ್ಳಿ. ಶೇ 40 ಕಳೆದರೆ 90,000. ಹುಡುಗ ಅದಕ್ಕೆ ಸಸ್ಪೆನ್ಷನ್ ಕಿಟ್‌ಗೆ 38,000, ಟೈರಿಗೆ 8,000, ಸೈಲೆನ್ಸರ್‌ಗೆ 9,000, ಎಂಜಿನ್ನಿನ ಅಡಿಯ ಲೋಹದ ತಟ್ಟೆ ಮತ್ತು ಕೈಗಾವಲುಗಳಿಗೆ 5,000 ಹಾಕಿದ್ದಾನೆ. ಒಟ್ಟು 60,000. ಎರಡನ್ನೂ ಕೂಡಿಸಿದರೆ ಒಂದೂವರೆ ಲಕ್ಷ, ಅಂದರೆ ಹೊಸ ಬೈಕಿನದೇ ಬೆಲೆ! ನಾಲ್ಕು ವರ್ಷ ಕಲ್ಲುಮಣ್ಣಿನಲ್ಲಿ ಕುಣಿದ ಗಾಡಿಗೆ ಅಷ್ಟು ಕೊಡುವವರು ಯಾರು?

ಹಾಗೆಂದು ಆ 60,000 ಪೂರ್ತಿ ಮಣ್ಣುಪಾಲಾಯಿತು ಎಂದೂ ಅಲ್ಲ. ಒಂದೊಂದನ್ನೂ ಬೇರೆ ಬೇರೆ ನೋಡಬೇಕು. ಟೈರು ಸವೆಯುವ ವಸ್ತು. ಹಲ್ಲು ಅರ್ಧ ಉಳಿದಿದ್ದರೆ ಅರ್ಧಕ್ಕಿಂತಲೂ ಕಡಿಮೆ ಬೆಲೆ, ರಬ್ಬರ್ ಬಿರುಕು ಬಿಟ್ಟಿದ್ದರೆ ಏನೂ ಇಲ್ಲ. ಸೈಲೆನ್ಸರ್‌ಗೆ ಸೊನ್ನೆ. ರಸ್ತೆಯ ಮೇಲೆ ಅದೊಂದು ಹೊರೆ, ಕಾರಣ ಮುಂದೆ ಇದೆ. ಸಸ್ಪೆನ್ಷನ್ ಕಿಟ್ ಮಾತ್ರ ನಿಜವಾದ ಆಸ್ತಿ. ಆಯಿಲ್ ಸೋರದೆ, ರಾಡಿನ ಮೇಲೆ ಗೀರು ಬೀಳದೆ ಇದ್ದರೆ ಅದನ್ನು ಹುಡುಕಿಕೊಂಡು ಬರುವ ಹವ್ಯಾಸಿಗಳು ಇದ್ದಾರೆ. ಆದರೆ ಅವರು ಹುಡುಕುವುದು ಕಿಟ್ ಅನ್ನು, ಬೈಕನ್ನಲ್ಲ. ಕಚೇರಿಗೆ ಹೋಗಿ ಬರಲು ಬೈಕು ಕೇಳುವವನಿಗೆ ಎತ್ತರದ ಸೀಟಿನ ಮೇಲೆ ಕೂತರೆ ನೆಲಕ್ಕೆ ಕಾಲೇ ಎಟುಕುವುದಿಲ್ಲ. ಒಬ್ಬನಿಗೆ ಗುಣವಾದದ್ದು ಹತ್ತು ಜನಕ್ಕೆ ದೋಷವಾಗುವುದು ಹೀಗೆ.

ಈಗ ಅಟ್ಟದ ಮಾತು. ಕಳಚಿದ ಮೂಲ ಸೈಲೆನ್ಸರ್, ಸೀಟು, ಷಾಕ್ ಅಬ್ಸಾರ್ಬರ್, ಕನ್ನಡಿ, ಇಂಡಿಕೇಟರ್‌ಗಳನ್ನು ಗೋಣಿಚೀಲದಲ್ಲಿ ಕಟ್ಟಿ ಅಟ್ಟಕ್ಕೆ ಹಾಕಿದ ಹುಡುಗ ಒಬ್ಬ. ಗ್ಯಾರೇಜಿನಲ್ಲೇ ಬಿಟ್ಟುಬಂದವನು ಇನ್ನೊಬ್ಬ. ಇಬ್ಬರ ಬೈಕಿಗೂ ಚೈನು, ಫೋರ್ಕಿನ ಆಯಿಲ್ ಸೀಲು, ಕೋನ್‌ಸೆಟ್ ರಿಪೇರಿಗೆ 7,000 ಬೇಕು ಎನ್ನಿ. ಮೊದಲನೆಯವನು 2,000 ಕೂಲಿ ಕೊಟ್ಟು ಮೂಲ ಭಾಗಗಳನ್ನು ಮತ್ತೆ ಕೂರಿಸಿ ಬೈಕನ್ನು 83,000ಕ್ಕೆ ಮಾರುತ್ತಾನೆ. ಕಿಟ್, ಟೈರು, ಕಾವಲುಗಳನ್ನು ಬಿಡಿಯಾಗಿ ಮಾರಿ 20,000 ಪಡೆದರೂ ಕೈಗೆ 1,01,000 ಬಂತು. ಎರಡನೆಯವನ ಬೈಕು ನೋಡಿದವನು ಮೂಲ ಭಾಗಗಳನ್ನು ಹೊಸದಾಗಿ ತರಲು 25,000 ಬೇಕೆಂದು ಹಿಡಿದು 58,000ಕ್ಕೆ ಕೇಳುತ್ತಾನೆ. ಕಿಟ್ ಇದ್ದಂತೆಯೇ ಬೇಕೆನ್ನುವ ಹವ್ಯಾಸಿ ಸಿಕ್ಕರೆ ಇವನಿಗೂ ಒಳ್ಳೆಯ ಬೆಲೆ ಬಂದೀತು. ಆದರೆ ಅವನಿಗಾಗಿ ಕಾಯಬೇಕು. ಪುಣೆಯಲ್ಲಿ ಸೋಮವಾರ ಕೆಲಸಕ್ಕೆ ಸೇರಬೇಕಾದ ಹುಡುಗನಿಗೆ ಕಾಯಲು ಎಲ್ಲಿದೆ ಪುರುಸೊತ್ತು? ನಲವತ್ಮೂರು ಸಾವಿರದ ವ್ಯತ್ಯಾಸವೆಲ್ಲ ಒಂದು ಗೋಣಿಚೀಲದ್ದು. ಬೆಂಗಳೂರಿನವರಾದರೆ ಹಳೆಯ ಭಾಗಗಳಿಗೆ ಶಿವಾಜಿನಗರದ ಗುಜರಿ ಅಂಗಡಿಗಳನ್ನೂ, ಹೊಸವಕ್ಕೆ ಜೆ.ಸಿ. ರಸ್ತೆಯನ್ನೂ ಒಮ್ಮೆ ಸುತ್ತಿ ಈ ನಷ್ಟವನ್ನು ಕೊಂಚ ಇಳಿಸಿಕೊಳ್ಳಬಹುದು.

ಕೊಳ್ಳುವವನ ಕಣ್ಣು ಎಲ್ಲಿ?

ಬಲ್ಲವನು ಬಂದರೆ ಮೊದಲು ಕಿಲೋಮೀಟರ್ ಮೀಟರ್ ನೋಡುವುದಿಲ್ಲ. ಮಣ್ಣಿನ ದಾರಿಯ ಒಂದು ಕಿಲೋಮೀಟರ್ ಡಾಂಬರಿನ ಎಷ್ಟೋ ಕಿಲೋಮೀಟರ್‌ಗೆ ಸಮ. ಸ್ಪರ್ಧೆಯ ಬೈಕುಗಳಲ್ಲಂತೂ ಎಂಜಿನ್ ಎಷ್ಟು ಗಂಟೆ ಓಡಿತು ಎಂಬುದೇ ಲೆಕ್ಕ. ಪಿಸ್ಟನ್ ಬದಲಾವಣೆಗೂ ಗಂಟೆಯ ಆಧಾರದಲ್ಲೇ ಅವಧಿ ಇರುತ್ತದೆ. ಏರ್ ಫಿಲ್ಟರ್ ಬಿಚ್ಚಿದಾಗ ಅದರ ಒಳಬದಿಯಲ್ಲಿ ಧೂಳು ಕಂಡರೆ ಆ ಧೂಳು ಎಂಜಿನ್ನಿನೊಳಕ್ಕೂ ಹೋಗಿದೆ, ಪಿಸ್ಟನ್ ರಿಂಗು ಸವೆದಿದೆ ಎಂದು ಅರ್ಥ. ನಾಲ್ಕು ಸ್ಟ್ರೋಕಿನ ಎಂಜಿನ್ ನೀಲಿ ಹೊಗೆ ಬಿಟ್ಟರೆ ಅನುಮಾನ ಗಟ್ಟಿ. ಮುಂದಿನ ಚಕ್ರವನ್ನು ನೆಲದಿಂದ ಎತ್ತಿ ಹ್ಯಾಂಡಲ್ ತಿರುಗಿಸಿದಾಗ ನಡುವೆ ಟಕ್ಕೆಂದು ಕಚ್ಚಿದರೆ ಕೋನ್‌ಸೆಟ್ ಹೋಗಿದೆ. ಚಕ್ರ ತಿರುಗಿಸಿ ಕಡ್ಡಿಗಳನ್ನು ಸ್ಪ್ಯಾನರಿನಿಂದ ತಟ್ಟಿದರೆ ಸಡಿಲವಾದದ್ದು ಮಂಕಾಗಿ ಕೂಗುತ್ತದೆ. ಚಾಸಿಯ ಕೊರಳಿನಲ್ಲಿ ಹೊಸ ಬೆಸುಗೆ, ಹೊಸ ಬಣ್ಣ ಕಂಡರೆ ಜಾಣನಾದವನು ಬೆಲೆಯ ಮಾತನ್ನೇ ನಿಲ್ಲಿಸುತ್ತಾನೆ.

ಆದ್ದರಿಂದ ಮಾರುವವರು ಇವನ್ನೆಲ್ಲ ತಾವೇ ಮೊದಲು ನೋಡಿ, ಏನು ಸರಿಯಿದೆ, ಏನು ಇಲ್ಲ ಎಂದು ಒಂದು ಚೀಟಿಯಲ್ಲಿ ಬರೆದಿಡುವುದು ಒಳ್ಳೆಯದು. ದೋಷವನ್ನು ಕೊಳ್ಳುವವನೇ ಕಂಡುಹಿಡಿದರೆ ಏಳುನೂರು ರೂಪಾಯಿಯ ಸೀಲಿಗೆ ಎರಡು ಸಾವಿರ ಇಳಿಸುತ್ತಾನೆ. ಮಾರುವವನೇ ಹೇಳಿದರೆ ಏಳುನೂರಕ್ಕೇ ಮುಗಿಯುತ್ತದೆ. ಸರ್ವೀಸ್ ಬಿಲ್ಲುಗಳು, ಕಿಟ್ ಕೊಂಡ ರಸೀದಿ ಇದ್ದರಂತೂ ಮಾತಿಗೆ ತೂಕ ಬರುತ್ತದೆ.

ಈ ಲೆಕ್ಕಕ್ಕೆಲ್ಲ ತಿರುವುಮುರುವಾದ ಒಂದು ಬೈಕಿದೆ: 1985ರಿಂದ 1996ರವರೆಗೆ ತಯಾರಾದ ಆರ್‌ಎಕ್ಸ್ 100. ವಯಸ್ಸಾದಷ್ಟೂ ಅದಕ್ಕೆ ಬೆಲೆ. ಆದರೆ ಅಲ್ಲಿಯೂ ಹೆಚ್ಚು ಬಾಳುವುದು ಮೂಲ ಸ್ಥಿತಿಯಲ್ಲಿರುವ ಬೈಕೇ. ಓಟಕ್ಕೆಂದು ಪೋರ್ಟು ಕೊರೆಸಿ, ಬೋರ್ ಮಾಡಿಸಿ, ಸೈಲೆನ್ಸರ್ ಬದಲಿಸಿದವರೇ ಇಂದು ಮೂಲ ಭಾಗಗಳಿಗಾಗಿ ಅಂಗಡಿ ಅಂಗಡಿ ಅಲೆಯುತ್ತಾರೆ. ಹದಿನೈದು ವರ್ಷ ದಾಟಿದ ಬೈಕಿಗೆ ಐದು ವರ್ಷಕ್ಕೊಮ್ಮೆ ಆರ್.ಸಿ. ನವೀಕರಣ ಆಗಬೇಕು. ಅದು ತಪ್ಪಿದ್ದರೆ ಎಷ್ಟೇ ಹೊಳೆದರೂ ಬೆಲೆ ಬೀಳುತ್ತದೆ.

ಕಾಗದದ ತೂಕ

ಮನೆಯ ಹಿರಿಯರು ಗಮನವಿಡಬೇಕಾದ ಭಾಗ ಇದು. 1988ರ ಮೋಟಾರು ವಾಹನ ಕಾಯಿದೆಯ 52ನೇ ಸೆಕ್ಷನ್ ಪ್ರಕಾರ ಆರ್.ಸಿ.ಯಲ್ಲಿರುವ ವಿವರ ತಯಾರಕರ ಮೂಲ ನಮೂನೆಗಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅದೇ ವರ್ಷ ಬಂದ ತಿದ್ದುಪಡಿಯಂತೆ (ಸೆಕ್ಷನ್ 182ಎ) ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಎರಡೂ. ಶಬ್ದ ಮತ್ತು ಹೊಗೆಯ ಮಿತಿ ಮೀರಿದರೆ ಹತ್ತು ಸಾವಿರದವರೆಗೆ ದಂಡ ಬೇರೆ. ರಾಜ್ಯದ ಹಲವು ಊರುಗಳಲ್ಲಿ ಪೊಲೀಸರು ಕರ್ಕಶ ಸೈಲೆನ್ಸರ್‌ಗಳನ್ನು ಸಾಲಾಗಿ ಮಲಗಿಸಿ ರೋಡ್ ರೋಲರ್ ಹರಿಸಿದ್ದುಂಟು. ಒಂಬತ್ತು ಸಾವಿರದ ಕೊಳವೆಗೆ ಸೊನ್ನೆ ಬೆಲೆ ಕಟ್ಟಿದ್ದು ಇದಕ್ಕೇ. ಇಂಥ ಬೈಕು ಕೊಳ್ಳುವವನು ಆ ದಂಡವನ್ನೂ ಮನಸ್ಸಿನಲ್ಲೇ ಬೆಲೆಯಿಂದ ಕಳೆದಿರುತ್ತಾನೆ.

ವಿದೇಶದಿಂದ ಬರುವ, ಟ್ರ್ಯಾಕಿಗಷ್ಟೇ ಮೀಸಲಾದ ಬೈಕುಗಳ ಕಥೆ ಬೇರೆ. ಕವಾಸಾಕಿಯ ಕೆಎಕ್ಸ್ ಸಾಲಿನಂಥವಕ್ಕೆ ಹೆಡ್‌ಲೈಟೂ ಇಲ್ಲ, ನಂಬರ್ ಪ್ಲೇಟೂ ಇಲ್ಲ. ರಸ್ತೆಗೆ ನೋಂದಣಿ ಆಗುವುದೇ ಇಲ್ಲ, ಟ್ರ್ಯಾಕಿನವರೆಗೆ ಗಾಡಿಯಲ್ಲಿ ಹೇರಿಕೊಂಡೇ ಹೋಗಬೇಕು. ಅಲ್ಲಿ ಬೆಲೆ ನಿಲ್ಲುವುದು ಖರೀದಿಯ ಇನ್‌ವಾಯ್ಸ್ ಮತ್ತು ಸುಂಕ ಕಟ್ಟಿದ ಕಾಗದದ ಮೇಲೆ. ‘ಆಮೇಲೆ ಆರ್.ಸಿ. ಮಾಡಿಸಿಕೊಡುತ್ತೇವೆ’ ಎಂಬ ಮಾತಿಗೆ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಕಿಲ್ಲ.

ಕೊಳ್ಳಲು ಬಂದವನ ವಯಸ್ಸನ್ನೂ ಕೇಳಬೇಕು. ಹದಿನೆಂಟು ತುಂಬದವನ ಜೊತೆ ಮಾಡಿಕೊಂಡ ಮಾರಾಟದ ಕರಾರು 1872ರ ಕರಾರು ಕಾಯಿದೆಯ ಪ್ರಕಾರ ನಿಲ್ಲುವುದಿಲ್ಲ. ಗೇರಿರುವ ಬೈಕು ಓಡಿಸುವ ಲೈಸೆನ್ಸೂ ಅವನಿಗೆ ಸಿಗದು. ಅಪ್ರಾಪ್ತರು ವಾಹನ ಓಡಿಸಿ ಅಪರಾಧವೆಸಗಿದರೆ ಪೋಷಕರು ಅಥವಾ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆವಾಸ ಎಂದು 199ಎ ಸೆಕ್ಷನ್ ಹೇಳುತ್ತದೆ.

ಈ ‘ಮಾಲೀಕ’ ಎಂಬ ಮಾತಿನಲ್ಲೇ ದೊಡ್ಡ ಗುಂಡಿ ಇದೆ. ಒಬ್ಬರು 2007ರಲ್ಲಿ ಮಾರಿದ ಕಾರು ಕೈಯಿಂದ ಕೈಗೆ ದಾಟಿತು. ಯಾರೂ ಹೆಸರು ಬದಲಿಸಲಿಲ್ಲ. 2009ರಲ್ಲಿ ಅದು ಅಪಘಾತಕ್ಕೀಡಾಯಿತು. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆಯೂ ಅವರದೇ ಎಂದು 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ‘ಸಹಿ ಹಾಕಿ ಕೊಡಿ, ಹೆಸರು ಆಮೇಲೆ ಬದಲಿಸಿಕೊಳ್ಳುತ್ತೇನೆ’ ಎಂದು ಐದು ಸಾವಿರ ಹೆಚ್ಚು ಕೊಡಲು ಬರುವವನಿಗಿಂತ, ಐದು ಸಾವಿರ ಕಡಿಮೆ ಕೊಟ್ಟು ಆರ್‌ಟಿಒ ಕೆಲಸಕ್ಕೆ ಜೊತೆಗೆ ನಿಲ್ಲುವವನೇ ಲಾಭದ ಗಿರಾಕಿ.

ಕಾಗದಗಳು ಹೆಚ್ಚೇನಿಲ್ಲ. ಮಾರಿದ ಸಂಗತಿ ತಿಳಿಸಲು ಫಾರಂ 29, ಹೆಸರು ವರ್ಗಾವಣೆಗೆ ಫಾರಂ 30, ಬ್ಯಾಂಕಿನ ಸಾಲವಿದ್ದರೆ ಅದು ತೀರಿದ್ದಕ್ಕೆ ಫಾರಂ 35, ಬೈಕು ಹೊರರಾಜ್ಯಕ್ಕೆ ಹೋಗುವುದಾದರೆ ನಿರಾಕ್ಷೇಪಣಾ ಪತ್ರಕ್ಕೆ ಫಾರಂ 28. ರಾಜ್ಯದೊಳಗಿನ ಮಾರಾಟವನ್ನು ಮಾರಿದವರು ಹದಿನಾಲ್ಕು ದಿನಗಳಲ್ಲಿ ತಿಳಿಸಬೇಕು. ಕೀ ಕೈಬದಲಾಗುವಾಗ ಬರೆಯುವ ಡೆಲಿವರಿ ನೋಟಿನಲ್ಲಿ ತಾರೀಖಿನ ಜೊತೆ ಗಂಟೆ, ನಿಮಿಷವನ್ನೂ ಬರೆದು ಇಬ್ಬರೂ ಸಹಿ ಹಾಕಬೇಕು. ಬೈಕಿನ ಜೊತೆ ಕೊಟ್ಟ ಮೂಲ ಭಾಗಗಳ ಪಟ್ಟಿಯನ್ನೂ ಅದರಲ್ಲೇ ಸೇರಿಸಿದರೆ, ‘ಸೈಲೆನ್ಸರ್ ಎಲ್ಲಿ ಸಾರ್?’ ಎಂಬ ಫೋನು ಆಮೇಲೆ ಬರುವುದಿಲ್ಲ.